ಅಕ್ಕಾರ ಮೂಲೆಗೆ ಬಂದ ಗಾಳಿ

ಆ ಗುರುವಾರ ಮಧ್ಯಾಹ್ನ ಅಕ್ಕಾರ ಕಿವಿಯ ಮೇಲಿನ ಬಿಳಿ ಕೂದಲು ಗಾಳಿಗೆ ಅಲುಗುತ್ತಿತ್ತು. ಪುಣೆಯ ಬಾಣೇರಿನ ಈ ಹೊಸ ಆಫೀಸಿಗೆ ಬಂದ ಮೇಲೆ ನಮ್ಮ ಮೂಲೆಯಲ್ಲಿ ಏನಾದರೂ ಗಾಳಿಗೆ ಅಲುಗಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಡಬ್ಬಿ, ಬಾಟಲಿಗಳ ಮೇಲೆ ಅಚ್ಚಾಗುವ ಕನ್ನಡವನ್ನು ತಿದ್ದುವುದು ನಮ್ಮಿಬ್ಬರ ಕೆಲಸ. ಮೊದಲು ನಾನು ಓದುತ್ತಿದ್ದೆ, ಎರಡನೆಯ ಸಲ ಅಕ್ಕಾರು. ವಿಜಯಪುರದಿಂದ ಮದುವೆಯಾಗಿ ಪುಣೆಗೆ ಬಂದವರು. ತುಟಿ ಅಲುಗಿಸುತ್ತಾ ಓದುತ್ತಿದ್ದರು. ತಪ್ಪು ಸಿಕ್ಕರೆ ಲೊಚ್ ಎಂಬ ಸದ್ದು ಕೇಳುತ್ತಿತ್ತು. "ಕಣ್ಣು ಸುಳ್ಳ ಹೇಳತಾವ ತಮ್ಮಾ, ಬಾಯಾಗ ಹಾಕ್ಕೊಂಡು ನೋಡು" ಎಂದು ನನಗೂ ಹಾಗೇ ಓದಲು ಕಲಿಸಿದರು.

ಹೊಸದು "ಹಸಿರು ಕಟ್ಟಡ", ಎಂದರೆ ವಿದ್ಯುತ್ ಉಳಿಸುವಂತೆ ಕಟ್ಟಿದ್ದು. ಬಾಗಿಲಲ್ಲೇ ಅದರ ಫಲಕವಿದೆ. ಬೆಳಕು ಧಾರಾಳ, ಕಿಟಕಿಗಳು ಮಾತ್ರ ತೆರೆಯುವುದಿಲ್ಲ. ಊಟವಾದ ಮೇಲೆ ನಮ್ಮ ಮೂಲೆಯವರಿಗೆಲ್ಲ ತಲೆಭಾರ, ಆಕಳಿಕೆ. ನಾವು ಚಹಾ ಕುಡಿದು ನಗುತ್ತಿದ್ದೆವು. ಅಕ್ಕಾರು ನಗುತ್ತಿರಲಿಲ್ಲ. ಉಪ್ಪಿನಕಾಯಿ ಡಬ್ಬಿಯ ಮೇಲೆ "ಖಾರ" ಹೋಗಿ "ಕಾರ" ಆದದ್ದು ಅವರಿಗೆ ಕಂಡಿರಲಿಲ್ಲ. ಆಮೇಲೆ ಇನ್ನೂ ಒಂದೆರಡು ತಪ್ಪು ದಾಟಿ ಹೋದವು. ಅವರ ತಾಯಿ ಕಡೆಗಾಲದಲ್ಲಿ ಮಗಳ ಹೆಸರನ್ನೇ ಮರೆತಿದ್ದರಂತೆ.

"ನಮ್ಮವ್ವಂದೂ ಹಿಂಗಽ ಸುರು ಆಗಿತ್ತು. ಈ ತಿಂಗಳ ಕಡೀಕ ಕೆಲಸ ಬಿಡತೀನಿ" ಎಂದರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಿಮ್ಮ ತಲೆಗೆ ಏನೂ ಆಗಿಲ್ಲ ಎಂದು ಧೈರ್ಯ ಹೇಳಿದೆ.

ನಮ್ಮ ತಲೆಭಾರದ ದೂರು ಕೇಳಿ ಬುಧವಾರ ಕಟ್ಟಡದ ಎಂಜಿನಿಯರ್ ಬಂದ. ನಮ್ಮ ಮೂಲೆಯಲ್ಲಿ ಗಾಳಿ ಅಳೆಯುವ ಸಣ್ಣ ಯಂತ್ರ ಹಿಡಿದು ನೋಡಿ ಹುಬ್ಬೇರಿಸಿದ. ಏಣಿ ಹತ್ತಿ ಚಾವಣಿಯ ಹಲಗೆ ಸರಿಸಿದರೆ, ಹೊರಗಿನ ಗಾಳಿ ತರುವ ಕೊಳವೆಯ ಮುಚ್ಚಳ ಒಳಾಂಗಣದ ಕೆಲಸ ನಡೆದಾಗಿನಿಂದ ಮುಚ್ಚಿಯೇ ಇತ್ತು.

ಕೆಳಗೆ ನಿಂತ ಅಕ್ಕಾರು, ಗಾಳಿ ಬೇಕು ಎನ್ನಲು, "ಮಲಾ ಹವಾ ಹವಾ!" ಎಂದು ಕೂಗಿದರು.

"ಕಾಕೂ, ಹವಾ ಹವೀ!" ಅವನು ಮುಚ್ಚಳ ತೆರೆಯುತ್ತಾ ಏಣಿಯ ಮೇಲಿಂದಲೇ ತಿದ್ದಿದ. ಮರಾಠಿಯಲ್ಲಿ ಗಾಳಿ ಹೆಣ್ಣು, ಅದಕ್ಕೆ ತಕ್ಕಂತೆ "ಬೇಕು" ಎಂಬ ಮಾತೂ ಬದಲಾಗಬೇಕು.

ಅಕ್ಕಾರು ನನ್ನ ಕಡೆ ತಿರುಗಿದರು. "ಇವರ ಮರಾಠ್ಯಾಗ ಗಾಳಿಗೂ ಸೀರಿ ಉಡಸ್ತಾರ ನೋಡು!"

ಗುರುವಾರ ಊಟವಾದ ಮೇಲೆ ಲೊಚ್ ಎಂಬ ಸದ್ದು ಕೇಳಿತು. ಔಷಧದ ಬಾಟಲಿಯ ಮೇಲೆ "ಅಲುಗಾಡಿಸಿ" ಎಂದಿರಬೇಕಾದ ಕಡೆ "ಅಳುಗಾಡಿಸಿ" ಎಂದಿದ್ದನ್ನು ನಾನು ಬಿಟ್ಟಿದ್ದೆ.

"ಏನೋ, ಔಷಧ ಅಳಿಸಿ ಕುಡಸ್ತೀಯೇನು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೆಲ್ಲಗೆ, "ಕೆಟ್ಟಿದ್ದು ನನ್ನ ತಲಿ ಅಲ್ಲೋ ತಮ್ಮಾ, ಗಾಳಿ. ನಾಳೆ ಸಾಹೇಬರಿಗೆ ಹೇಳತೀನಿ, ನಾ ಎಲ್ಲೂ ಹೋಗಂಗಿಲ್ಲ ಅಂತ."

ಮರುದಿನ ಬೆಳಿಗ್ಗೆ ಅವರ ಮಗಳ ಫೋನು ಬಂತು. "ಅವ್ವ ಹೋದಳ್ರಿ."

"ಯಾವ ಊರಿಗೆ?" ಎಂದು ಕೇಳಿಬಿಟ್ಟೆ.

ನಿದ್ದೆಯಲ್ಲೇ ಹೃದಯ ನಿಂತಿತ್ತು. ಅವರು ಹೆದರಿದ್ದು ತಲೆಗೆ, ನಾನು ಧೈರ್ಯ ಹೇಳಿದ್ದೂ ಅದಕ್ಕೇ. ಎದೆಯ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ಮಣ್ಣಿಗೆ ಹೋಗಿ ಬಂದ ಮೇಲೂ ಅವರು ಸಾಹೇಬರ ಕೋಣೆಯಲ್ಲಿರಬೇಕು, ಈಗ ಬರುತ್ತಾರೆ ಎಂದೇ ಅನಿಸುತ್ತಿತ್ತು.

ಈಗ ನಮ್ಮ ಮೂಲೆಯಲ್ಲಿ ಯಾರೂ ಆಕಳಿಸುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ. ನಾನು ಓದಿದ್ದನ್ನು ಎರಡನೆಯ ಸಲ ನೋಡುವವರು ಇಲ್ಲ.