ಗೋಡೆ ವಾಲಿಸಿದ ಕಿವಿ

ನನ್ನ ತಮ್ಮ ಗಾರೆ ಮೇಸ್ತ್ರಿ. ಮಾತು ಒರಟು, ಕೆಲಸ ನಾಜೂಕು. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವನ ಕಣ್ಣಿಗೆ ನೆಟ್ಟಗಿದ್ದ ಗೋಡೆಗಳೆಲ್ಲ ಎಡಕ್ಕೆ ವಾಲತೊಡಗಿದವು. ಕಟ್ಟಿದ್ದನ್ನು ಕೆಡವಿಸಿದ, ಮತ್ತೆ ಕಟ್ಟಿಸಿ ಮತ್ತೆ ಕೆಡವಿಸಿದ. ಆಳುಗಳು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ತೋರಿಸಿದರೆ, ದಾರವೇ ವಾಲಿದೆ ಎಂದ. ಇನ್ನೊಮ್ಮೆ ಕೆಡವಿ ಅಂದರೆ ನಾವು ಬೇರೆ ಮೇಸ್ತ್ರಿಯ ಹತ್ತಿರ ಹೋಗುತ್ತೇವೆ ಎಂದು ಅವರು ಅವನ ಹೆಂಡತಿಗೆ ಹೇಳಿಬಿಟ್ಟರು. ಅವಳು ನನ್ನ ಮುಂದೆ ಕೂತು ಅತ್ತಳು.

ಜ್ವರ ನೋಡಿದ ಡಾಕ್ಟರು ಕಿವಿ ಪರೀಕ್ಷೆಗೆ ಬರೆದುಕೊಟ್ಟಿದ್ದರು. ನಾನೇ ಕರೆದುಕೊಂಡು ಹೋದೆ. ಗೋಡೆ ನೋಡುವುದೇನು ಕಿವಿಯಿಂದಲಾ ಎಂದು ದಾರಿಯುದ್ದಕ್ಕೂ ಗೊಣಗಿದ.

ಪರೀಕ್ಷೆ ಮಾಡುವ ಹುಡುಗಿ ಮೊದಲು ಅವನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದಳು. ಎಲ್ಲವೂ ಕೇಳಿಸಿತು. ಎದೆ ಉಬ್ಬಿಸಿಕೊಂಡು ಹೊರಬಂದ. ಆಮೇಲೆ ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ನಿಂತಲ್ಲೇ ಹೆಜ್ಜೆ ಹಾಕಬೇಕಂತೆ. ಇವನು ಮಣ್ಣು ತುಳಿಯುವವನಂತೆ ಗಂಭೀರವಾಗಿ ತುಳಿದ. ತುಳಿಯುತ್ತಾ ತುಳಿಯುತ್ತಾ ಎಡಕ್ಕೆ ತಿರುಗಿದ. ಕಣ್ಣು ಬಿಟ್ಟಾಗ ಎದುರಿಗೆ ಹುಡುಗಿ ಇರಲಿಲ್ಲ, ಕೈ ತೊಳೆಯುವ ಬೇಸಿನ್ ಇತ್ತು.

“ಅಕ್ಕಾ, ನನ್ನನ್ನ ತಿರುಗಿಸಿದ್ದು ನೀನಾ ಅವಳಾ?” ಎಂದ.

ಜೇಬಿನಿಂದ ಸೀಮೆಸುಣ್ಣ ತೆಗೆದು ಪಾದದ ಸುತ್ತ ತಾನೇ ಗೆರೆ ಎಳೆದುಕೊಂಡ. ನನ್ನನ್ನು ಬಾಗಿಲಾಚೆ ನಿಲ್ಲಿಸಿದ. ಮತ್ತೆ ತುಳಿದ. ಈ ಸಲವೂ ಬೇಸಿನ್ನೇ. ನಾನು ನಗು ನುಂಗಿಕೊಂಡೆ.

ಕಿವಿಯೊಳಗೆ ಮೈಯ ಸಮತೋಲ ಹಿಡಿಯುವ ಜಾಗವೂ ಒಂದಿದೆ, ಜ್ವರದಲ್ಲಿ ಎಡಗಡೆಯದು ಸೋತಿದೆ ಎಂದು ಹುಡುಗಿ ಸಮಾಧಾನವಾಗಿ ತಿಳಿಸಿದಳು. ಹೆಬ್ಬೆರಳನ್ನು ಮುಖದೆದುರು ಹಿಡಿದು, ಅದರಿಂದ ಕಣ್ಣು ತೆಗೆಯದೆ ತಲೆಯನ್ನು ಅತ್ತ ಇತ್ತ ಆಡಿಸುತ್ತಿರಬೇಕು, ನಿಧಾನಕ್ಕೆ ಸರಿಹೋಗುತ್ತದೆ ಎಂದಳು. ಅವನು ನೆಲದ ಗೆರೆಯನ್ನೇ ನೋಡುತ್ತಾ ಕೂತ.

ಮರುದಿನ ಅವನ ಊಟ ಹಿಡಿದು ಕೆಲಸದ ಜಾಗಕ್ಕೆ ಹೋದೆ. ಹೊಸ ಗೋಡೆಯ ಮುಂದೆ ಹೆಬ್ಬೆರಳು ಎತ್ತಿಕೊಂಡು ನಿಂತು ತಲೆ ಆಡಿಸುತ್ತಿದ್ದಾನೆ. ಅದನ್ನು ಕಂಡ ಹಿರಿಯ ಆಳು, ಮತ್ತೆ ಕೆಡವಲು ಹೇಳುತ್ತಾನೆ ಅಂದುಕೊಂಡು ಕರಣೆ ಕೆಳಗಿಟ್ಟು, ಕೈ ತೊಳೆದು, ಮನೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ.

“ಎಲ್ಲಿಗೋ? ಗೋಡೆ ನೆಟ್ಟಗಿದೆ. ವಾಲಿರೋದು ನನ್ನ ಕಿವಿ,” ಎಂದ ತಮ್ಮ.

“ಹಾಗಾದ್ರೆ ಇನ್ಮೇಲೆ ನಾವು ಸರಿ ಇದೆ ಅಂದ್ರೆ ಒಪ್ಕೋತೀಯಾ, ಮೇಸ್ತ್ರಿ?”

“ಒಪ್ಕೋತೀನಿ.”

ಬಾಯಿ ಹಾಗೆಂದಿತು, ತಲೆ ಮಾತ್ರ ಇಲ್ಲ ಇಲ್ಲ ಎಂದು ಆಡುತ್ತಲೇ ಇತ್ತು. ಆ ಹಿರಿಯ ಆಳು ಬಾಯಿಯನ್ನು ನಂಬುವುದೋ ತಲೆಯನ್ನು ನಂಬುವುದೋ ಎಂದು ನನ್ನ ಮುಖ ನೋಡಿದ. ಬಾಯಿಯನ್ನೇ ನಂಬಪ್ಪ ಎಂದೆ. ಅವನು ಅಂಗಿ ಬಿಚ್ಚಿಟ್ಟು ಗಾರೆ ಕಲಸಲು ಕೂತ.