ಹುಣಸೆಹಣ್ಣಿನಲ್ಲಿ ತೊಳೆದ ಸೆಂಟುಗಳು

ಇವತ್ತು ಅಮೆರಿಕದ ಜರ್ಮನ್‌ಟೌನಿನ ಮನೆಯಲ್ಲಿ ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚುತ್ತಿದ್ದೆ. ಆ ಹುಳಿ ವಾಸನೆಗೆ ರಾಕ್‌ವಿಲ್‌ನ ನಮ್ಮ ಹಳೆಯ ಅಪಾರ್ಟ್‌ಮೆಂಟ್ ನೆನಪಾಯಿತು.

ಅಪ್ಪನಿಗೆ ಇಲ್ಲಿನ ತೀರ ಹಳೆಯ ಸೆಂಟು ನಾಣ್ಯಗಳ ಹುಚ್ಚು. ಅಚ್ಚು ಮಾಡುವಾಗ ಇಸವಿಯನ್ನು ತಪ್ಪಿ ಎರಡು ಸಲ ಒತ್ತಿದ್ದರಿಂದ, ಅಂಕಿಯ ಪಕ್ಕ ಇನ್ನೊಂದು ಅಂಕಿಯ ನೆರಳು ಮೂಡಿದ ಅಪರೂಪದ ನಾಣ್ಯಕ್ಕಾಗಿ ಅವರು ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ಹುಡುಕಿದ್ದರು. ಕೊನೆಗೂ ಅಂಥದೊಂದು ಸಿಕ್ಕಿ, ಅವರ ನಾಣ್ಯದ ಡಬ್ಬಿ ಸೇರಿತ್ತು.

ಆ ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ಅಜ್ಜಿ, ಅಪ್ಪ ಆಫೀಸಿಗೆ ಹೋದಾಗ, ಡಬ್ಬಿಯಲ್ಲಿದ್ದ ಸೆಂಟುಗಳನ್ನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ಪಾತ್ರೆ ತಿಕ್ಕುವ ತಂತಿಯಿಂದ ಉಜ್ಜಿಬಿಟ್ಟಳು.

"ಎಷ್ಟ್ ಹೊಲಸಾಗಿದ್ವೋ! ಈಗ ನೋಡು, ಹೆಂಗ ಹೊಳೀತಾವ," ಎಂದು ಸಂಜೆ ಮಗನಿಗೆ ತೋರಿಸಿದಳು.

ಅಪ್ಪ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದರು. ಆ ಅಂಕಿಯ ನೆರಳು ಯಾವುದರಲ್ಲೂ ಉಳಿದಿರಲಿಲ್ಲ.

"ಭಾಳ ಛಲೋ ಆಗ್ಯಾವ ಅವ್ವಾ," ಎಂದವರು ಕೆಳಗಿಳಿದು ಹೋಗಿ, ಕಾರಿನೊಳಗೆ ಕೂತು ಅತ್ತರು. ನಾನು ಬಾಲ್ಕನಿಯಿಂದ ನೋಡಿದೆ.

ಅಜ್ಜಿ ಈಗಿಲ್ಲ. ಅಪ್ಪನ ಕಣ್ಣು ಮಂಜಾಗಿದೆ. ಇನ್ನೇನೂ ಮಾಡಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಹಳೆಯ ಸೆಂಟುಗಳನ್ನು ತರಿಸಿ ನನ್ನ ಮುಂದೆ ಸುರಿಯುತ್ತಾರೆ.

"ಇದೂ ನಾರ್ಮಲ್ಲೇ ಅಪ್ಪಾ, ನೆರಳಿಲ್ಲ," ಅನ್ನುತ್ತೇನೆ.

"ಸರಿಯಾಗಿ ನೋಡವಾ. ಇನ್ನೊಂದ್ ಸಲ ನೋಡು."