ತೊಗರಿ ಕಡ್ಡಿ ನಕ್ಕ ಮೇಲೆ

ಬೆಳಗಿನ ಐದೂವರೆ. ಪುಣೆಯಿಂದ ನಗರ ರಸ್ತೆಯಲ್ಲಿ ಹೊರಟು ಖರಾಡಿಯ ತಿರುವು ದಾಟಿದರೆ, ಜೋಳದ ಹೊಲದ ಅಂಚಿಗೆ ಒಂದು ತಗಡಿನ ಛಪ್ಪರ ಸಿಗುತ್ತದೆ. ಅಲ್ಲಿ ಕುಲುಮೆ ಉರಿಯುತ್ತಿದೆ. ಐವತ್ತರ ಆಸುಪಾಸಿನ, ಎತ್ತರದ, ಹುಬ್ಬಿನ ಕೂದಲೆಲ್ಲ ಸುಟ್ಟುಹೋದ ಒಬ್ಬ ಮನುಷ್ಯ ಇಕ್ಕಳದಲ್ಲಿ ಉದ್ದನೆಯ ಉಕ್ಕಿನ ಪಟ್ಟಿಯೊಂದನ್ನು ಬೆಂಕಿಯಿಂದ ಎಳೆಯುತ್ತಾರೆ. ಎಡಗೈಯಲ್ಲಿ ಬೆರಳು ದಪ್ಪದ ಒಂದು ಒಣ ಕಡ್ಡಿ. ಅದನ್ನು ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ, ಪಿಟೀಲು ಬಾರಿಸುವವರ ಹಾಗೆ, ನಿಧಾನವಾಗಿ ಎಳೆಯುತ್ತಾರೆ.

"ಹತ್ತಿರ ಬರಬ್ಯಾಡ್ರಿ, ಅಂಗಿ ಸುಡ್ತದ," ಎಂದು ನನಗೆ ಎಚ್ಚರಿಕೆ. ಮೊದಲ ಸಲ ಕಡ್ಡಿ ಸುಮ್ಮನೆ ಜಾರುತ್ತದೆ. ಪಟ್ಟಿ ಮತ್ತೆ ಬೆಂಕಿಗೆ. ಎರಡನೆಯ ಸಲ ಕಡ್ಡಿಯ ತುದಿ ಹೊಗೆಯಾಡುತ್ತದೆ. ಮೂರನೆಯ ಸಲ ಎಳೆದಾಗ ಸಾಸಿವೆ ಸಿಡಿದಂತೆ ಸಣ್ಣ ಸಣ್ಣ ಕಿಡಿಗಳು ಪಟ್ಟಿಯುದ್ದಕ್ಕೂ ಉದುರುತ್ತವೆ. ಅವರ ಮುಖದಲ್ಲೂ ಬೆಳಕು. "ನಕ್ಕಿತು ನೋಡ್ರಿ!"

ಇವರು ಅಂಬಾರಾಯ ಕಂಬಾರ. ಲಾರಿಗಳ ಕಮಾನು ಕಟ್ಟುವುದು ಇವರ ಕಸುಬು. ಗಾಡಿಯ ಭಾರವನ್ನೆಲ್ಲ ಹೊತ್ತು ಚಕ್ರದ ಮೇಲೆ ಕೂತಿರುತ್ತದಲ್ಲ, ಒಂದರ ಕೆಳಗೊಂದು ಬಾಗಿದ ಪಟ್ಟಿಗಳ ಕಟ್ಟು, ಅದೇ ಕಮಾನು. ಪಟ್ಟಿಯನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನ ಹಾಗೆ ಗಡುಸಾಗುತ್ತದೆ, ಹೊಡೆದರೆ ಒಡೆಯುತ್ತದೆ. ಆ ಗಡಸುತನವನ್ನು ಸಣ್ಣ ಬೆಂಕಿಯಲ್ಲಿ ಎಷ್ಟು ಬೇಕೋ ಅಷ್ಟೇ ಇಳಿಸಬೇಕು. ಎಷ್ಟು ಇಳಿಯಿತೆಂದು ಹೇಳುವುದು ಕಡ್ಡಿ. ಕಿಡಿಯೂ ಉಕ್ಕಿನ ಬಣ್ಣವೂ ಬಿಸಿಲಿನಲ್ಲಿ ಕಾಣುವುದಿಲ್ಲವಾದ್ದರಿಂದ ಈ ಕೆಲಸ ಸೂರ್ಯ ಬರುವ ಮುಂಚೆಯೇ ಮುಗಿಯಬೇಕು. ನನ್ನ ವಾಹನಜ್ಞಾನ ಸೈಕಲ್ಲಿನ ಚೈನು ಹಾಕುವಲ್ಲಿಗೆ ನಿಲ್ಲುತ್ತದೆ. ಇದಿಷ್ಟನ್ನೂ ನನಗೆ ಮೂರು ಸಲ ಹೇಳಿ ತಿಳಿಸಿದವರು ಅವರೇ.

ಛಪ್ಪರದ ಹಿಂದೆ ಒಂದು ಟ್ರಕ್ಕು ನಿಂತಿದೆ. ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಗಾಡಿ, ಈಗ ಮೈಗೆಲ್ಲ ಅರಿಸಿನ ಬಣ್ಣ. ಬಾಗಿಲು ತೆಗೆದರೆ ಇನ್ನೂ ಸಂದಿಯಿಂದ ಮರಳು ಉದುರುತ್ತದೆ. ಕಳೆದ ತಿಂಗಳು, ಅಂದರೆ ಈ ಎಂಬತ್ತೇಳರ ಜನವರಿಯಲ್ಲಿ, ರಾಜಸ್ಥಾನದ ಮರಳುಗಾಡಿನಲ್ಲಿ ಮೋಟಾರ್ ಕ್ಲಬ್ಬೊಂದು ನಡೆಸಿದ ಐದು ದಿನಗಳ ರೇಸಿನಲ್ಲಿ ಟ್ರಕ್ಕುಗಳ ಪೈಕಿ ಮೊದಲು ಬಂದದ್ದು ಇದೇ. ಅದರ ನಾಲ್ಕು ಚಕ್ರಗಳ ಮೇಲಿನ ನಲವತ್ನಾಲ್ಕು ಪಟ್ಟಿಗಳನ್ನೂ ಬಡಿದವರು ಅಂಬಾರಾಯ. ಪೇಪರಿನಲ್ಲಿ ಟ್ರಕ್ಕಿನ ಫೋಟೋ ಬಂತು, ಡ್ರೈವರರ ಫೋಟೋ ಬಂತು, ಟೈರಿನ ಹೆಸರೂ ಬಂತು. ಇವರ ಹೆಸರು ಎಲ್ಲಿಯೂ ಬರಲಿಲ್ಲ. ಅದನ್ನು ಓದಿ ನನಗೆ ಸಿಟ್ಟು ಬಂತು, ಅದಕ್ಕೇ ಇಲ್ಲಿಗೆ ಬಂದಿದ್ದೇನೆ.

ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಅಂಬಾರಾಯ ಪುಣೆಗೆ ಬಂದದ್ದು ಎಪ್ಪತ್ಮೂರರಲ್ಲಿ, ಹೆಂಡತಿ ತಿಪ್ಪವ್ವನ ಜೊತೆ. ಸಾಮಾನೆಂದರೆ ಒಂದು ಅಡಿಗಲ್ಲು, ಎರಡು ಸುತ್ತಿಗೆ, ಒಂದು ಹೊರೆ ತೊಗರಿ ಕಡ್ಡಿ. "ರೇಲ್ವೆದಾಗ ಟೀಸಿ ಕೇಳ್ದ, ಪುಣೇದಾಗ ಉರವಲ ಸಿಗಲ್ಲೇನು ಅಂತ. ಉರವಲ ಅಲ್ರಿ, ನಮ್ಮಪ್ಪನ ಅಳತಿಗೋಲು ಅಂದೆ. ಅಂವ ನಕ್ಕು ಬಿಟ್ಟ," ಎನ್ನುತ್ತಾರೆ. ಮೊದಲ ಐದು ವರ್ಷ ವಾಘೋಲಿಯ ಕಲ್ಲುಗಣಿಯಲ್ಲಿ ಒಡ್ಡರ ಉಳಿಗಳನ್ನು ಚೂಪು ಮಾಡುವ ಕೆಲಸ, ದಿನಕ್ಕೆ ಇನ್ನೂರು ಉಳಿ. ಗಣಿಯ ಲಾರಿಗಳು ದಿನಾ ಕಮಾನು ಮುರಿದುಕೊಳ್ಳುತ್ತಿದ್ದವು. ಒಂದನ್ನು ಸರಿಮಾಡಿಕೊಟ್ಟರು, ಅದು ಎರಡು ವರ್ಷ ಬಾಳಿತು. ಆಮೇಲೆ ಲಾರಿಗಳೇ ಇವರನ್ನು ಹುಡುಕಿಕೊಂಡು ಬಂದವು. ಈಗ ದಿನಕ್ಕೆ ಎಂಟರಿಂದ ಹತ್ತು ಪಟ್ಟಿ, ಎರಡು ಬುಟ್ಟಿ ಕಲ್ಲಿದ್ದಲು, ಹನ್ನೆರಡು ಪೌಂಡಿನ ಸುತ್ತಿಗೆಯ ಸಾವಿರಕ್ಕೆ ಕಡಿಮೆಯಿಲ್ಲದ ಏಟು. ಕುಲುಮೆಯ ಗಾಳಿಯಂತ್ರ ತಿರುಗಿಸುವುದು ಇವತ್ತಿಗೂ ತಿಪ್ಪವ್ವನೇ. ಎಷ್ಟು ಸುತ್ತು ತಿರುಗಿಸುತ್ತೀರಿ ಎಂದು ಕೇಳಿದೆ. "ಎಣಿಸಿದ್ರ ರಟ್ಟಿ ನೋಯ್ತಾವ್ರಿ, ಅದಕ್ಕ ಎಣಸಂಗಿಲ್ಲ," ಎಂದರು.

ಟ್ರಕ್ಕಿನ ಯಜಮಾನರು ಭುಜಂಗರಾವ್ ಜಗದಾಳೆ, ಹಡಪಸರದ ಲಾರಿ ಮಾಲೀಕರು, ರೇಸಿನ ಹುಚ್ಚಿನವರು. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಛಪ್ಪರಕ್ಕೆ ಬಂದು ಮರಾಠಿಯಲ್ಲಿ, ಕಮಾನು 'ನರಮ್' ಬೇಕು ಅಂದರು, ಮೆತ್ತಗಿರಬೇಕು ಎಂಬ ಅರ್ಥದಲ್ಲಿ. ಸುತ್ತಿಗೆಯ ಸದ್ದಿನಲ್ಲಿ ಅಂಬಾರಾಯರ ಕಿವಿಗೆ ಬಿದ್ದದ್ದು 'ನರ'. "ನಾ ಅಂದ್ಕೊಂಡೆ, ಸಾಹೇಬ ಭಾಳ ತಿಳದಾಂವ ಹಾನ. ಗಾಡಿಗಿ ಕಮಾನಂದ್ರ ನರಾನೇ ಅಲ್ಲೇನ್ರಿ? ಮೆತ್ತಗೂ ಇರಬೇಕು, ಹರೀಲೂಬಾರ್ದು." ತಪ್ಪಾಗಿ ಕೇಳಿಸಿಕೊಂಡರೂ ತಪ್ಪಾಗಿ ತಿಳಿದುಕೊಳ್ಳಲಿಲ್ಲ ಎಂದು ನನಗನಿಸುತ್ತದೆ.

ಕಮಾನಿನ ಲೆಕ್ಕ ಹಾಕಿದವರು ಇಂದೂ. ಪುಣೆಯಲ್ಲೇ ಹುಟ್ಟಿ ಬೆಳೆದ ವಿಜಾಪುರದ ಮನೆತನದ ಹುಡುಗಿ, ಇಪ್ಪತ್ತಾರರ ಇಂಜಿನಿಯರು, ಗಂಡಸರೇ ತುಂಬಿದ ಕಾರ್ಖಾನೆಯಲ್ಲಿ ಒಬ್ಬಳೇ ಹೆಣ್ಣುಮಗಳು. ರಜೆ ಹಾಕಿ ಈ ಟ್ರಕ್ಕಿನ ಬೆನ್ನು ಬಿದ್ದವರು. ಮೊದಲಿದ್ದ ಕಮಾನು ಏಳು ದಪ್ಪ ಪಟ್ಟಿಗಳದ್ದು, ಮೂಟೆ ಹೊರಲು ಸರಿ, ಮರಳ ದಿಬ್ಬ ಹಾರಲು ಅಲ್ಲ. ಇಂದೂ ಹನ್ನೊಂದು ತೆಳ್ಳನೆಯ ಪಟ್ಟಿ ಬರೆದರು, ಒಂಬತ್ತು ಇಂಚು ಹೆಚ್ಚು ಉದ್ದ. ಐದು ಇಂಚು ಮಾತ್ರ ಮೇಲೆ ಕೆಳಗೆ ಆಡುತ್ತಿದ್ದ ಚಕ್ರ ಹನ್ನೊಂದು ಇಂಚು ಆಡಬೇಕೆಂಬುದು ಅವರ ಲೆಕ್ಕ. ಚಕ್ರಕ್ಕೆ ಎರಡೆರಡರಂತೆ ಫಾರಿನ್ ಶಾಕ್ ಅಬ್ಸಾರ್ಬರು. ಮನೆಮಾತಿನಲ್ಲೇ ಮಾತಾಡುವ ಇಂಜಿನಿಯರು ಸಿಕ್ಕಿದ್ದಕ್ಕೆ ಅಂಬಾರಾಯರಿಗೆ ಹಿಗ್ಗೋ ಹಿಗ್ಗು.

ಎಡವಟ್ಟಾದದ್ದು ಆ ಹಿಗ್ಗಿನಿಂದಲೇ. ಇಂದೂ ಒಂದು ಬಣ್ಣದ ಸುಣ್ಣಕಡ್ಡಿ ತಂದುಕೊಟ್ಟರು. ಪಟ್ಟಿಯ ಮೇಲೆ ಗೆರೆ ಎಳೆದರೆ, ಸರಿಯಾದ ಕಾವು ಬಂದಾಗ ಗೆರೆ ಕರಗುತ್ತದೆ. ಕಾರ್ಖಾನೆಯಲ್ಲಿ ಬಳಸುವ ಸಾಮಾನು, ಸುಳ್ಳು ಹೇಳುವಂಥದ್ದಲ್ಲ. ಪಟ್ಟಿಯ ನಡುವೆ ಗೆರೆ ಎಳೀರಿ ಅಂದರು. ಅಂಬಾರಾಯ ಎಳೆದರು. ತಮ್ಮ ತೊಗರಿ ಕಡ್ಡಿಯ ಸುದ್ದಿ ಎತ್ತಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದು ಊರವರು ಮಾಡುವ ತಪ್ಪೆಂದು ನಾನು ತಿಳಿದಿದ್ದೆ. ಗಿಡ ನೆಟ್ಟವನೇ ಹಾಗೆ ತಿಳಿದದ್ದನ್ನು ಇಲ್ಲೇ ಕಂಡೆ. "ನಾಚಿಕಿ ಬಂತ್ರಿ. ಕಲತ ಹೆಣಮಗಳ ಮುಂದ ಕಟಗಿ ಹಿಡಕೊಂಡು ಹ್ಯಾಂಗ ನಿಂದ್ರಲಿ? ತಿಪ್ಪವ್ವಗ ಅಂದೆ, ಇನ್ನ ಈ ಕಡ್ಡಿ ಬ್ಯಾಡ, ಒಲಿಗಿ ಹಾಕು ಅಂತ." ತಿಪ್ಪವ್ವ ಹಾಕಿಬಿಟ್ಟರು. ಒಂದು ವಾರ ರೊಟ್ಟಿ ಅದರ ಮೇಲೇ ಬೆಂದವು.

ಡಿಸೆಂಬರಿನ ಒಂದು ಭಾನುವಾರ ಜೇಜುರಿಯ ಕೆಳಗೆ ಕರ್ಹಾ ನದಿಯ ಒಣ ಮರಳಿನಲ್ಲಿ ಪರೀಕ್ಷೆ ನಡೆಯಿತು. ಖಂಡೋಬನ ದರ್ಶನಕ್ಕೆ ಬಂದಿದ್ದ ನಮ್ಮ ಕಡೆಯ ಯಾತ್ರಿಕರು, ಹಣೆತುಂಬ ಅರಿಸಿನದ ಭಂಡಾರ ಬಳಿದುಕೊಂಡು, ದಡದಲ್ಲಿ ಸಾಲುಗಟ್ಟಿ ನಿಂತರು. ಟ್ರಕ್ಕು ಮೊದಲ ದಿಬ್ಬ ಹಾರಿತು, 'ಏಳುಕೋಟಿ' ಎಂಬ ಕೂಗು. ಎರಡನೆಯದು ಹಾರಿತು, ಇನ್ನೂ ದೊಡ್ಡ ಕೂಗು. ಮೂರನೆಯದಕ್ಕೆ ಕೂಗಿನ ಬದಲು ಫಟ್ ಎಂಬ ಸದ್ದು. ಟ್ರಕ್ಕು ಮುಂದಿನ ಮೊಣಕಾಲೂರಿತು. ತಿಂಗಳುಗಟ್ಟಲೆ ಬಡಿದ ಕಮಾನಿನಲ್ಲಿ ಮೂರು ಪಟ್ಟಿ ತುಂಡು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಭುಜಂಗರಾಯರು ಬೈಯಲಿಲ್ಲ. ಮುಂಬಯಿಯ ಡೀಲರನ ಹತ್ತಿರ ಫಾರಿನ್ ಸ್ಪ್ರಿಂಗುಗಳಿವೆ, ನಾಳೆ ಫೋನು ಮಾಡುತ್ತೇನೆ ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಂಬಾರಾಯ. "ಮಂದಿ ನಾಳಿ ಏನಂತಾರ? ಕಮಾನ ಮುರಿಸಿದ ಅಂಬಾರಾಯ ಅಂತಾರ. ಅದಕ್ಕ ಅಂದೆ, ಒಂಬತ್ತು ದಿನ ಕೊಡ್ರಿ. ಮತ್ತ ಮುರದ್ರ ನಾ ಕಮಾನ ಮುಟ್ಟಂಗಿಲ್ಲ, ಗಣಿಗಿ ಹೋಗಿ ಉಳಿ ಚೂಪ ಮಾಡ್ತೀನಿ." ಇಷ್ಟು ವರ್ಷ ಗಳಿಸಿದ ಹೆಸರನ್ನು ಆ ಮರಳಿನ ಮೇಲೆ ಪಣಕ್ಕಿಟ್ಟು ಅವರು ಮುರಿದ ತುಂಡುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡರು.

ಮುರಿದದ್ದು ಮೂರೂ ಒಂದೇ ಜಾಗದಲ್ಲಿ, ತುದಿಯಿಂದ ನಾಲ್ಕು ಬೆರಳು ಈಚೆಗೆ. ಮಾರನೆಯ ದಿನ ಅಂಬಾರಾಯ ತುಂಡುಗಳನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೀಟಿ ನೋಡಿದರು. ನಡುವಿನ ತುಂಡು ಗಂಟೆಯಂತೆ ನುಡಿಯಿತು, ತುದಿಯ ತುಂಡು ಚಿಟ್ ಅಂದಿತು. ಆಗ ಹೊಳೆಯಿತು. ಹೊಸ ಪಟ್ಟಿ ಕುಲುಮೆಗಿಂತ ಉದ್ದ! ನಡುವಿಗೆ ಸರಿಯಾದ ಕಾವು ಬಂದು ಸುಣ್ಣದ ಗೆರೆ ಕರಗಿದಾಗ ತುದಿಗಳಿಗೆ ಇನ್ನೂ ಕಾವು ತಲುಪಿರಲಿಲ್ಲ. ಅವು ಗಾಜಿನಂತೆ ಗಡುಸಾಗಿಯೇ ಉಳಿದಿದ್ದವು. ಸುಣ್ಣಕಡ್ಡಿ ಗೆರೆ ಎಳೆದ ಜಾಗದ ಸುದ್ದಿ ಮಾತ್ರ ಹೇಳುತ್ತದೆ. ತೊಗರಿ ಕಡ್ಡಿಯಾದರೆ ಪಟ್ಟಿಯುದ್ದಕ್ಕೂ ಓಡಾಡಿ ಬರುತ್ತದೆ.

ಇಂದೂಗೆ ಹೇಳಿದರು. ಆಕೆ ನಗಲಿಲ್ಲ. "ಕಾಕಾ, ಇದನ್ನ ಮದಲ ಯಾಕ ಹೇಳಲಿಲ್ರಿ? ತಪ್ಪು ನಂದೂ ಅದ, ಒಂದೇ ಕಡೆ ಗೆರಿ ಎಳೀರಿ ಅಂದಾಕಿ ನಾನು," ಅಂದರು. ಆದರೆ ಕಡ್ಡಿ ಎಲ್ಲಿದೆ? ಅದು ರೊಟ್ಟಿಯಾಗಿ ಹೊಟ್ಟೆ ಸೇರಿತ್ತು. ಬೇವು, ಜಾಲಿ, ಸಾಗುವಾನಿ ಎಲ್ಲ ಎಳೆದು ನೋಡಿದರು. ಒಂದು ಬೇಗ ಹೊತ್ತುತ್ತದೆ, ಒಂದು ಹೊತ್ತುವುದೇ ಇಲ್ಲ. ಕೈಗೆ ಪಳಗಿದ್ದು ತೊಗರಿಯೊಂದೇ, ಊರಿಗೆ ಹೋಗಿ ಬರಲು ಮೂರು ದಿನ ಬೇಕು.

ಆಗ ತಿಪ್ಪವ್ವ ಗುಡಿಸಲ ಹಿಂದಕ್ಕೆ ಹೋದರು. ಅಲ್ಲಿ ಅವರ ಬಚ್ಚಲಿತ್ತು. ಅದಕ್ಕೆ ಮರೆಯಾಗಿ ನಿಂತಿದ್ದದ್ದು, ಕಲಬುರ್ಗಿ ಕಡೆಯವರು ಕಟ್ಟುವಂಥ ತಟ್ಟಿ. ಊರಿಂದ ಮೂರು ವರ್ಷದ ಹಿಂದೆ ತಂದ ತೊಗರಿ ಕಟ್ಟಿಗೆಯದು, ಮೇಲಿನ ಅರ್ಧ ಬಿಸಿಲಿಗೆ ಒಣಗಿ ಎಲುಬಿನಂತಾಗಿತ್ತು. ಅದರ ಹಗ್ಗ ಕುಡುಗೋಲಿನಿಂದ ಕೊಯ್ದು ತಂದು ಗಂಡನ ಮುಂದೆ ಹಾಕಿದರು. "ಹನ್ನೆರಡು ದಿನ ನಾ ನಾಕು ಕಡಿ ಸೀರಿ ಕಟ್ಟಿ ಜಳಕಾ ಮಾಡೀನ್ರಿ. ಗಾಳಿ ಬಂದ್ರ ಸೀರಿ ಹಿಡೀಬೇಕೋ, ಚರಗಿ ಹಿಡೀಬೇಕೋ?" ಎಂದು ತಿಪ್ಪವ್ವ ಈಗ ನಗುತ್ತಾರೆ. ಅವತ್ತು ನಗುತ್ತಿರಲಿಲ್ಲ ಎಂದು ಅಂಬಾರಾಯ ಸೇರಿಸುತ್ತಾರೆ.

ಒಂಬತ್ತು ದಿನ, ನಲವತ್ನಾಲ್ಕು ಪಟ್ಟಿ. ಕುಲುಮೆಯನ್ನು ಇಟ್ಟಿಗೆಯಿಟ್ಟು ಉದ್ದ ಮಾಡಿದರು. ದಿನವೂ ಬೆಳಕು ಹರಿಯುವ ಮುಂಚೆ ಆರೇಳು ಪಟ್ಟಿ. ಒಂದೊಂದನ್ನೂ ತುದಿಯಿಂದ ತುದಿಗೆ ನಗಿಸಿಯೇ ಕೆಳಗಿಟ್ಟರು. ಇಂದೂ ಪಕ್ಕದಲ್ಲಿ ಸುಣ್ಣಕಡ್ಡಿಯಿಂದ ನಾಲ್ಕು ಕಡೆ ಗೆರೆ ಎಳೆದು ತಾಳೆ ನೋಡುತ್ತಿದ್ದರು. ಎರಡೂ ಕಡ್ಡಿ ಒಂದೇ ಮಾತು ಹೇಳಿದವು. ಒಂಬತ್ತನೆಯ ದಿನ ಭುಜಂಗರಾಯರು ಮತ್ತೆ ಕರ್ಹಾದ ಮರಳಿಗೆ ಟ್ರಕ್ಕು ಇಳಿಸಿದರು. ಈ ಸಲ ಮೂರಲ್ಲ, ಮೂವತ್ತು ದಿಬ್ಬ. ಕೊನೆಗೆ ಇಳಿದು ಬಂದು ಟೋಪಿ ತೆಗೆದು ಅಂಬಾರಾಯರ ತಲೆಗೆ ಹಾಕಿದರಂತೆ. ಮುಂಬಯಿಗೆ ಫೋನು ಹೋಗಲಿಲ್ಲ.

ರೇಸಿಗೆ ಅಂಬಾರಾಯ ಹೋಗಲಿಲ್ಲ, ಇಲ್ಲಿನ ಲಾರಿಗಳು ಬಿಡಬೇಕಲ್ಲ. ಐದು ದಿನ ಅವರು ಕೆಲಸ ಮಾಡಿದರೂ ಕಿವಿ ಎಲ್ಲೋ ಇತ್ತು. ಅಲ್ಲಿ ಹೊರಟ ಗಾಡಿ ನಲವತ್ತೊಂದು, ಮುಟ್ಟಿದ್ದು ಹದಿನಾರು. ನಾಲ್ಕನೆಯ ದಿನ ಫಾರಿನ್ ಶಾಕ್ ಅಬ್ಸಾರ್ಬರುಗಳು ಒಂದೊಂದಾಗಿ ಎಣ್ಣೆ ಕಾರಿಕೊಂಡು ಸತ್ತವು. ಉಳಿದ ಇನ್ನೂರ ಹತ್ತು ಕಿಲೋಮೀಟರನ್ನು ಟ್ರಕ್ಕು ಬರೀ ಕಮಾನಿನ ಮೇಲೆ ಓಡಿತು. ಆರನೆಯ ದಿನ ಬೆಳಿಗ್ಗೆ ಖರಾಡಿಯ ಅಂಚೆಯವನು ತಂತಿ ತಂದ. ಇಂಗ್ಲಿಷ್ ಅಕ್ಷರ, ಓದಿದರೆ ಇಂಗ್ಲಿಷ್ ಅಲ್ಲ. ಯಾವುದೋ ಗುಪ್ತ ಭಾಷೆಯಿರಬೇಕೆಂದು ಕನ್ನಡ ಬಾರದ ಅವನಿಗೆ ಗುಮಾನಿ. ಅನುಮಾನಪಡುತ್ತಲೇ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ನಲವತ್ನಾಲ್ಕೂ ನಕ್ಕವು. ಇಂದೂ."

"ಅಂವಗ ತಿಳೀಲಿಲ್ರಿ. ನಮಗ ತಿಳೀತು," ಎನ್ನುತ್ತಾರೆ ಅಂಬಾರಾಯ. ಆ ತಂತಿ ಈಗ ಛಪ್ಪರದ ಕಂಬಕ್ಕೆ ಮೊಳೆ ಹೊಡೆಸಿಕೊಂಡು ನಿಂತಿದೆ.

ಪೇಪರಿನಲ್ಲಿ ನಿಮ್ಮ ಹೆಸರಿಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳುತ್ತೇನೆ. "ಕಮಾನು ಗಾಡಿ ಕೆಳಗ ಇರ್ತದ್ರಿ. ಮ್ಯಾಲ ಬಂತಂದ್ರ ಗಾಡಿ ಪಲ್ಟಿ ಆಗ್ಯಾದ ಅಂತ ಅರ್ಥ," ಎಂದು ಅವರು ಇನ್ನೊಂದು ಪಟ್ಟಿಯನ್ನು ಬೆಂಕಿಗೆ ತಳ್ಳುತ್ತಾರೆ. ಹಾಗಾದರೆ ಏನು ಬೇಕು? ತಿಪ್ಪವ್ವನ ಕಡೆ ನೋಡುತ್ತಾರೆ. "ಇಕೀ ಬಚ್ಚಲ ಮುಗದ್ರ ಸಾಕು."

ಬಚ್ಚಲನ್ನು ಇಟ್ಟಿಗೆಯಲ್ಲಿ ಕಟ್ಟಿಸಿಕೊಡುತ್ತೇನೆಂದು ಭುಜಂಗರಾಯರು ತಾವೇ ಇಟ್ಟಿಗೆ ಇಳಿಸಿಹೋಗಿದ್ದಾರೆ. ಗುಡಿಸಲ ಹಿಂದೆ ಹೋಗಿ ನೋಡುತ್ತೇನೆ. ಮೂರು ಗೋಡೆ ಎದೆಯೆತ್ತರಕ್ಕೆ ಎದ್ದಿವೆ. ನಾಲ್ಕನೆಯ ಕಡೆ ಇಟ್ಟಿಗೆಯ ಸುಳಿವಿಲ್ಲ; ಊರಿಂದ ಹೊಸದಾಗಿ ಬಂದ ತೊಗರಿ ಕಟ್ಟಿಗೆಯ ತಟ್ಟಿ, ಹಗ್ಗ ಬಿಗಿದು ನೆಟ್ಟಗೆ ನಿಂತಿದೆ. ಇಟ್ಟಿಗೆ ಸಾಲಲಿಲ್ಲವೇನೋ ಅಂದುಕೊಂಡು ಕೇಳುತ್ತೇನೆ.

ತಿಪ್ಪವ್ವ ಗಾಳಿಯಂತ್ರದ ಹಿಡಿ ಬಿಡದೆ, ನನ್ನ ಕಡೆ ತಿರುಗದೆ ಹೇಳುತ್ತಾರೆ: "ಇಟ್ಟಂಗಿ ಭಾಳ ಅದಾವ್ರಿ. ನಾನೇ ಬ್ಯಾಡ ಅಂದೀನಿ. ಮುಂದಿನ ವರ್ಷ ಮತ್ತ ರೇಸ್ ಅದ."